ಚೇಂಬರ್ ಬೋಲ್ಟಿನ ವಾಷರ್: ತಾಮ್ರವೋ, ಅಲ್ಯೂಮಿನಿಯಮ್ಮೋ, ಹಳೆಯದೇ ಸಾಕೋ?

ಕಳೆದ ಮಳೆಗಾಲದ ಹಿಂದಿನ ಮಳೆಗಾಲ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ನಿಂತ ನೀರಿನ ಮೇಲೆ ಒಂದು ಬೆಳಿಗ್ಗೆ ನವಿಲುಗರಿಯ ಬಣ್ಣ ಹರಡಿತ್ತು. ನೋಡಲು ಚೆಂದವಾಗಿಯೇ ಇತ್ತು, ಆದರೆ ಅದರ ನೆತ್ತಿಯ ಮೇಲೆ ನನ್ನ ಕಾರು ನಿಂತಿತ್ತು. ಎಂಜಿನ್ ಆಯಿಲ್ ಬದಲಿಸಿ ಹತ್ತು ದಿನವೂ ಆಗಿರಲಿಲ್ಲ. ಗ್ಯಾರೇಜಿಗೆ ಒಯ್ದೆ. ಹುಡುಗ ಕಾರಿನಡಿ ತೂರಿ, ಉದ್ದನೆಯ ಪಾನ ಹಾಕಿ, ಹಲ್ಲು ಕಚ್ಚಿ ಚೇಂಬರ್ ಬೋಲ್ಟನ್ನು, ಅಂದರೆ ಎಂಜಿನ್ನಿನಡಿ ಆಯಿಲ್ ನಿಲ್ಲುವ ತೊಟ್ಟಿಯ ಬೋಲ್ಟನ್ನು, ಇನ್ನೊಂದು ಕಾಲು ಸುತ್ತು ಬಿಗಿದ. ಸೋರಿಕೆ ನಿಂತಿತು. ನಾನು ಅವನಿಗೆ ಚಹಾದ ಕಾಸು ಕೊಟ್ಟು ಬಂದೆ.

ಮುಂದಿನ ಸಲ ಬೋಲ್ಟ್ ಬಿಚ್ಚಿದಾಗ ಅದರ ಹಿಂದೆಯೇ ಚೇಂಬರಿನ ಥ್ರೆಡ್ ಕೂಡ ಬೆಳ್ಳಿಯ ಸುರುಳಿಯಂತೆ ಸುತ್ತಿಕೊಂಡು ಹೊರಬಂತು. ಆ ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡು ನೋಡಿದೆ. ಉಂಗುರದಷ್ಟು ಸರಿಯಾಗಿ ಕುಳಿತಿತು. ಒಂದು ಮಸಾಲೆ ದೋಸೆಗಿಂತ ಅಗ್ಗದ ವಾಷರ್ ಬದಲಿಸದೆ ಇದ್ದದ್ದಕ್ಕೆ ಹೊಸ ಚೇಂಬರ್ ಕೊಳ್ಳಬೇಕಾಯಿತು.

ಅಂದಿನಿಂದ ನನ್ನ ಕಾರಿನ ಆಯಿಲ್ ನಾನೇ ಬದಲಿಸುತ್ತೇನೆ. ಶಿರಸಿಯ ಊರಮನೆಯ ಕಾರು ಮತ್ತು ನೆಂಟರ ಎರಡು ಕಾರುಗಳ ಕೆಲಸವೂ ನನ್ನ ಕೊರಳಿಗೇ ಬಿದ್ದಿದೆ. ನಾಲ್ಕೂ ಬೇರೆ ಬೇರೆ ಕಂಪನಿಯವು. ವಾಷರ್ ಕೂಡ ನಾಲ್ಕು ಬಗೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮತ್ತೆ ಬಳಸಬಹುದು, ಯಾವುದನ್ನು ಅಂಗಡಿಯವನಿಗೇ ಹಿಂದಿರುಗಿಸಬೇಕು ಎನ್ನುವ ಪ್ರಶ್ನೆಗಳಿಗೆ ನಾನು ಕಂಡುಕೊಂಡ ಉತ್ತರ ಇಲ್ಲಿದೆ.

ಅದು ಮಾಡುವ ಕೆಲಸ

ಬೋಲ್ಟಿನ ಥ್ರೆಡ್ ಆಯಿಲನ್ನು ತಡೆಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಡೆಯುವುದಿಲ್ಲ. ಥ್ರೆಡ್ಡಿನ ಎಳೆಗಳ ನಡುವೆ ಸಣ್ಣದೊಂದು ಸುತ್ತುದಾರಿ ಯಾವಾಗಲೂ ತೆರೆದೇ ಇರುತ್ತದೆ. ಬಿಸಿಯಾಗಿ ತೆಳುವಾದ ಆಯಿಲ್ ಆ ದಾರಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ತಡೆಯುವುದು ಬೋಲ್ಟಿನ ತಲೆಯ ಅಡಿಭಾಗ ಮತ್ತು ಚೇಂಬರಿನ ಮುಖ ಸೇರುವ ಜಾಗ. ಎರಡೂ ಗಟ್ಟಿ ಲೋಹ, ಎರಡರಲ್ಲೂ ಕಣ್ಣಿಗೆ ಕಾಣದ ಗೀರುಗಳು. ಮೆತ್ತನೆಯ ಉಂಗುರವೊಂದು ನಡುವೆ ಸಿಕ್ಕಿ ಚಪ್ಪಟೆಯಾದರೆ ಆ ಗೀರುಗಳೊಳಗೆ ತುಂಬಿಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೆತ್ತನೆಯ ವಾಷರ್ ಇದ್ದರೆ ಸ್ವಲ್ಪ ಬಿಗಿತಕ್ಕೇ ಸೋರಿಕೆ ನಿಲ್ಲುತ್ತದೆ. ಒಮ್ಮೆ ಒತ್ತಿ ಗಟ್ಟಿಯಾದ ವಾಷರ್ ಇದ್ದರೆ ಅದೇ ಕೆಲಸಕ್ಕೆ ಹೆಚ್ಚು ಬಿಗಿಯಬೇಕು. ಆ ಹೆಚ್ಚಿನ ಬಿಗಿತ ಹೋಗುವುದು ಥ್ರೆಡ್ಡಿನ ಮೇಲೆ. ಆದ್ದರಿಂದ ನಾನು ವಾಷರ್ ಆರಿಸುವಾಗ ಸೋರುತ್ತದೆಯೇ ಎಂದಷ್ಟೇ ಕೇಳುವುದಿಲ್ಲ, ಎಷ್ಟು ಬಿಗಿದರೆ ಸೋರುವುದಿಲ್ಲ ಎಂದು ಕೇಳುತ್ತೇನೆ.

ಮೊದಲು ಆಯಸ್ಕಾಂತ ಹಿಡಿಯಿರಿ

ವಾಷರ್ ಕೊಳ್ಳುವ ಮೊದಲು ಚೇಂಬರ್ ಯಾವ ಲೋಹದ್ದು ಎಂದು ತಿಳಿದುಕೊಳ್ಳಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಸಾಕು. ಚೇಂಬರಿಗೆ ಕಚ್ಚಿಕೊಂಡರೆ ಅದು ಉಕ್ಕಿನ ತಗಡು, ಜಾರಿ ಬಿದ್ದರೆ ಅಲ್ಯೂಮಿನಿಯಂ. ಉಕ್ಕಿನದಾದರೆ ನಮ್ಮ ಕರಾವಳಿಯಲ್ಲಿ ಬೋಲ್ಟಿನ ಸುತ್ತ ತುಕ್ಕಿನ ಪದರ ಎದ್ದಿರುತ್ತದೆ. ಅಲ್ಯೂಮಿನಿಯಮ್ಮಾದರೆ ಉಪ್ಪುಗಾಳಿಗೆ ಬಿಳಿಯ ಹುಡಿ ಕಟ್ಟಿರುತ್ತದೆ. ಕಾರವಾರದಿಂದ ಅಂಕೋಲಾ, ಕುಮಟಾ, ಹೊನ್ನಾವರದ ತನಕ 66ನೇ ಹೆದ್ದಾರಿಯಲ್ಲಿ ದಿನವೂ ಓಡಾಡುವ ಕಾರುಗಳ ಅಡಿಯನ್ನು ಒಮ್ಮೆ ಬಗ್ಗಿ ನೋಡಿದರೆ ಸಾಕು. ಶಿರಸಿಯ ಕಾರುಗಳಿಗೆ ಮಳೆ ಮತ್ತು ಕೆಸರಿನ ಕಾಟವಿದೆ, ಉಪ್ಪಿನದಿಲ್ಲ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಅಳತೆ. ಮಾರುತಿ, ಹೋಂಡಾ, ಹುಂಡೈಗಳ ಅನೇಕ ಕಾರುಗಳಲ್ಲಿ ಬೋಲ್ಟಿನ ದಪ್ಪ 14 ಮಿ.ಮೀ.; ಟೊಯೊಟಾದ ಹಲವು ಎಂಜಿನ್‌ಗಳಲ್ಲಿ 12 ಮಿ.ಮೀ. ಡಸ್ಟರ್‌ನಂತಹ ರೆನೊ ಕಾರುಗಳಲ್ಲಿ ಬೋಲ್ಟಿನ ತಲೆಯಲ್ಲಿ 8 ಮಿ.ಮೀ. ಚೌಕದ ಗುಳಿ ಇರುತ್ತದೆ. ಅದಕ್ಕೆ ಬೇರೆಯದೇ ಪಾನ ಬೇಕು, ವಾಷರ್ ಕೂಡ ಬೇರೆಯದೇ. ಅಂಗಡಿಯಲ್ಲಿ "ಎಲ್ಲದಕ್ಕೂ ಒಂದೇ ಸೈಜು" ಎಂದು ಹೇಳಿದರೆ ನಂಬಬೇಡಿ. ಒಳಗಿನ ವ್ಯಾಸ ದೊಡ್ಡದಾದರೆ ವಾಷರ್ ಒಂದು ಬದಿಗೆ ಸರಿದು ಕೂರುತ್ತದೆ, ಹೊರಗಿನ ವ್ಯಾಸ ದೊಡ್ಡದಾದರೆ ಚೇಂಬರಿನ ಸಪಾಟು ಜಾಗದ ಅಂಚಿಗೆ ಹತ್ತಿ ಓರೆಯಾಗುತ್ತದೆ. ಹಳೆಯ ವಾಷರನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗುವುದೇ ಸುಲಭದ ದಾರಿ.

ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ನಡುವೆ

ಬಿಡಿಭಾಗದ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಇವೆರಡೇ, ಹೆಚ್ಚು ಜಗಳ ನಡೆಯುವುದೂ ಇವೆರಡರ ನಡುವೆಯೇ.

ಅಲ್ಯೂಮಿನಿಯಂ ವಾಷರ್ ಮೆತ್ತಗಿರುತ್ತದೆ, ಅಗ್ಗ, ಬೇಗ ಚಪ್ಪಟೆಯಾಗುತ್ತದೆ. ಹೋಂಡಾ ಕೊಡುವುದು ಇದನ್ನೇ. ಒಂದು ಸಲ ಬಳಸಿದ್ದನ್ನು ಬೆಳಕಿಗೆ ಹಿಡಿದರೆ ಒಂದು ಮುಖದಲ್ಲಿ ಬೋಲ್ಟಿನ ತಲೆಯ ಅಚ್ಚು, ಇನ್ನೊಂದು ಮುಖದಲ್ಲಿ ಚೇಂಬರಿನ ಅಚ್ಚು ಎದ್ದು ಕಾಣುತ್ತದೆ. ಉಗುರು ಎಳೆದರೆ ತಡೆಯುತ್ತದೆ. ಆ ಅಚ್ಚಿನ ಮೇಲೆ ಮತ್ತೊಮ್ಮೆ ಅದೇ ಜಾಗದಲ್ಲಿ ಬೋಲ್ಟ್ ಕೂರುವುದು ಅದೃಷ್ಟದ ಮಾತು. ಆದ್ದರಿಂದ ಇದನ್ನು ಒಂದು ಸಲಕ್ಕೆ ಮುಗಿಯುವ ವಸ್ತುವೆಂದೇ ಲೆಕ್ಕ ಹಾಕಿ.

ತಾಮ್ರ ಸ್ವಲ್ಪ ದುಬಾರಿ, ಸ್ವಲ್ಪ ಗಟ್ಟಿ, ಶಾಖಕ್ಕೆ ಜಗ್ಗುವುದಿಲ್ಲ. ಇದರ ದೊಡ್ಡ ಗುಣವೆಂದರೆ ಮತ್ತೆ ಹದಕ್ಕೆ ತರಬಹುದು. ಒತ್ತಿದಷ್ಟೂ ತಾಮ್ರ ಬಿರುಸಾಗುತ್ತದೆ. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಹಂಡೆ ಬಡಿಯುವವರು ನಡುನಡುವೆ ತಾಮ್ರವನ್ನು ಬೆಂಕಿಗೆ ಹಿಡಿಯುವುದು ಇದೇ ಕಾರಣಕ್ಕೆ. ನಾನು ಮಾಡುವ ಕ್ರಮ ಹೀಗೆ: ಹಳೆಯ ವಾಷರಿನ ಆಯಿಲನ್ನು ಪೂರ್ತಿ ಒರೆಸಿ, ಕಬ್ಬಿಣದ ತಂತಿಗೆ ಪೋಣಿಸಿ, ಅಡುಗೆಮನೆಯ ದೀಪ ಆರಿಸಿ, ಗ್ಯಾಸಿನ ಉರಿಯಲ್ಲಿ ಹಿಡಿಯುವುದು. ಕತ್ತಲೆಯಲ್ಲಿ ಮಾಡುವುದು ಬಣ್ಣ ಕಾಣಲೆಂದು. ಉಂಗುರ ಮೊದಲು ಕಪ್ಪಾಗಿ, ಆಮೇಲೆ ಮಂಕಾದ ಕೆಂಪಿಗೆ ತಿರುಗುತ್ತದೆ. ಅಷ್ಟಾದ ಕೂಡಲೇ ತಣ್ಣೀರಿಗೆ ಹಾಕಬಹುದು. ಉಕ್ಕನ್ನು ಹೀಗೆ ನೀರಿಗದ್ದಿದರೆ ಬಿರುಸಾಗುತ್ತದೆ, ತಾಮ್ರ ಮೆತ್ತಗೇ ಉಳಿಯುತ್ತದೆ, ಮೇಲಿನ ಕಪ್ಪು ಹೊಪ್ಪಳೆಯೂ ನೀರಿನಲ್ಲಿ ಕಳಚಿಕೊಳ್ಳುತ್ತದೆ. ಉಳಿದ ಕಪ್ಪನ್ನು ನುಣುಪು ಎಮರಿ ಕಾಗದದಲ್ಲಿ ಉಜ್ಜಬೇಕು. ಎರಡು ಮೂರು ಸಲ ಹೀಗೆ ನಡೆಯುತ್ತದೆ. ಅಷ್ಟರಲ್ಲಿ ತೆಳುವಾಗಿ ಅಂಚು ಹರಡಿರುತ್ತದೆ, ಎಸೆಯಬೇಕು. ಅಲ್ಯೂಮಿನಿಯಮ್ಮಿಗೆ ಈ ಚಿಕಿತ್ಸೆ ಮಾಡಲು ಹೋಗಬೇಡಿ. ಅದು ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, 660 ಡಿಗ್ರಿಗೆ ನೇರವಾಗಿ ಕರಗಿ ಒಲೆಯ ಬರ್ನರಿನೊಳಗೆ ಇಳಿಯುತ್ತದೆ. ನನ್ನ ಅಡುಗೆಮನೆಯಲ್ಲಿ ಒಮ್ಮೆ ಇಳಿದಿದೆ. ಆ ಸಂಜೆಯ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾದರೆ ತಾಮ್ರವೇ ಮೇಲೆಂದು ಹೇಳಿಬಿಡಬಹುದಿತ್ತು, ಕರಾವಳಿ ಇಲ್ಲದಿದ್ದರೆ.

ಶಿರಸಿ ಕಡೆಯ ತೋಟಿಗರಿಗೆ ಇದನ್ನು ವಿವರಿಸುವುದು ಸುಲಭ. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಮಾಡಿದ ಮೇಲೆ ಅದಕ್ಕೆ ಕಬ್ಬಿಣದ ಚೂರಿ ಅದ್ದಿ ನೋಡುತ್ತಾರೆ. ಸುಣ್ಣ ಕಡಿಮೆಯಾಗಿದ್ದರೆ ಚೂರಿಯ ಅಲಗಿಗೆ ಕೆಂಪು ಹತ್ತುತ್ತದೆ. ಆ ಕೆಂಪು ಮೈಲುತುತ್ತಿನೊಳಗಿನ ತಾಮ್ರ. ತಾಮ್ರ ಅಲಗಿನ ಮೇಲೆ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ತಾಮ್ರದ ಜೊತೆ ಬಿದ್ದ ಬಡ ಲೋಹ ಸೋಲುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಬಡವ. ತಾಮ್ರದ ವಾಷರ್ ಅಲ್ಯೂಮಿನಿಯಂ ಚೇಂಬರಿಗೆ ತಾಗಿ ಕೂತು, ಅವೆರಡರ ಸಂದಿಗೆ ಉಪ್ಪುನೀರು ಸೇರಿದರೆ ನಡೆಯುವ ಕ್ರಿಯೆ ಚೂರಿಯದ್ದಕ್ಕಿಂತ ಬೇರೆ ಬಗೆಯದು, ಆದರೆ ಸೋಲುವುದು ಇಲ್ಲೂ ಬಡ ಲೋಹವೇ. ತಿನ್ನಿಸಿಕೊಳ್ಳುವುದು ಚೇಂಬರು, ಅಂದರೆ ದುಬಾರಿಯ ವಸ್ತು. ಅದೇ ಉಕ್ಕಿನ ಚೇಂಬರಿಗೆ ಅಲ್ಯೂಮಿನಿಯಂ ವಾಷರ್ ಹಾಕಿದರೆ ಸವೆಯುವುದು ವಾಷರ್. ಅದನ್ನು ಹೇಗೂ ಮುಂದಿನ ಸಲ ಎಸೆಯುತ್ತೇವೆ.

ಇದನ್ನು ಕೇಳಿ ಹೆದರಬೇಕಾಗಿಲ್ಲ. ಅಲ್ಯೂಮಿನಿಯಂ ಚೇಂಬರಿಗೆ ಕಂಪನಿಯೇ ತಾಮ್ರದ ವಾಷರ್ ಕೊಟ್ಟ ಕಾರುಗಳಿವೆ, ಅವು ವರ್ಷಗಟ್ಟಲೆ ಓಡುತ್ತಿವೆ. ವಾಷರ್ ಚಿಕ್ಕದು, ಚೇಂಬರ್ ದೊಡ್ಡದು, ಸುತ್ತಮುತ್ತ ಆಯಿಲಿನ ಪಸೆ ಇರುತ್ತದೆ. ಹಾಗಾಗಿ ಕ್ರಿಯೆ ನಿಧಾನ. ಆದರೂ ಆಯ್ಕೆ ನನ್ನ ಕೈಯಲ್ಲಿದ್ದರೆ ಕಾರವಾರದ ಕಾರಿನ ಅಲ್ಯೂಮಿನಿಯಂ ಚೇಂಬರಿಗೆ ಅಲ್ಯೂಮಿನಿಯಂ ವಾಷರ್, ಶಿರಸಿಯ ಕಾರಿನ ಉಕ್ಕಿನ ಚೇಂಬರಿಗೆ ತಾಮ್ರ. ಕಂಪನಿಯ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ನಡೆಯಲಿ.

ಉಳಿದ ಬಗೆಗಳು

ಒಳಗೆ ಟೊಳ್ಳಿರುವ ವಾಷರ್ ಇನ್ನೊಂದು ಬಗೆ. ತೆಳುವಾದ ಹಾಳೆಯನ್ನು ಮಡಚಿ ಮಾಡಿದ ಉಂಗುರ ಅದು. ನಿಸಾನ್ ಕಾರುಗಳಲ್ಲಿ ನೋಡಬಹುದು. ಬಿಗಿಯುವಾಗ ಕೈಗೇ ತಿಳಿಯುತ್ತದೆ: ಬೆರಳಿನಲ್ಲಿ ತಿರುಗಿಸಿ ಮುಟ್ಟಿದ ಮೇಲೆ ಪಾನ ಹಾಕಿದರೆ ಸ್ವಲ್ಪ ದೂರ ಮೆತ್ತಗೆ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಆ ಮೆತ್ತನೆಯ ಇಳಿತವೇ ಅದರ ಜೀವ, ಮತ್ತು ಅದು ಒಮ್ಮೆ ಮಾತ್ರ. ಚಪ್ಪಟೆಯಾದದ್ದನ್ನು ಮರುಬಳಸುವುದು ಶುದ್ಧ ದಡ್ಡತನ. ಹೊಸ ಕಾರು ಕೊಂಡು ಮೊದಲ ಸಲ ಆಯಿಲ್ ಬದಲಿಸುವವರು ಚಪ್ಪಟೆಯಾದ ಉಂಗುರವನ್ನು ನೋಡಿ, ಅಂಗಡಿಯಲ್ಲಿ ಅಂಥದ್ದೇ ಚಪ್ಪಟೆ ವಾಷರ್ ಕೇಳುತ್ತಾರೆ. ಅದು ಹುಟ್ಟುವಾಗ ಗುಂಡಗಿತ್ತು ಎನ್ನುವುದು ನೆನಪಿರಲಿ.

ಉಕ್ಕಿನ ಉಂಗುರದ ಒಳಅಂಚಿಗೆ ರಬ್ಬರ್ ತುಟಿ ಬೆಸೆದಿರುವುದನ್ನು ಅಂಗಡಿಯವರು ಡೌಟಿ ವಾಷರ್ ಎನ್ನುತ್ತಾರೆ. ರೆನೊ ಕಾರುಗಳದ್ದು ಇದೇ ಜಾತಿ. ಇಲ್ಲಿ ತಡೆಯುವುದು ರಬ್ಬರು, ಲೋಹ ಅದನ್ನು ಅತಿಯಾಗಿ ಜಜ್ಜಿಹೋಗದಂತೆ ಕಾಯುತ್ತದೆ. ಕಡಿಮೆ ಬಿಗಿತಕ್ಕೇ ಕೆಲಸ ಮುಗಿಯುವುದರಿಂದ ಥ್ರೆಡ್ ಈಗಾಗಲೇ ಸ್ವಲ್ಪ ಸವೆದಿರುವ ಚೇಂಬರಿಗೆ ನನಗೆ ಇದೇ ಇಷ್ಟ. ತುಟಿ ಹರಿಯದೆ, ಬಿರುಸಾಗದೆ ಇದ್ದರೆ ಇನ್ನೊಂದು ಸಲ ನಡೆಯುತ್ತದೆ. ಆಯಿಲಿಗೆ ಒಗ್ಗುವ ನೈಟ್ರೈಲ್ ರಬ್ಬರಿನದ್ದೇ ಎಂದು ಕೇಳಿ ಕೊಳ್ಳಬೇಕು.

ಫೈಬರ್ ವಾಷರ್ ಒಂದೆರಡು ಸಲ ಬಳಸಿದ ಮೇಲೆ ಹಾಳೆಹಾಳೆಯಾಗಿ ಬಿಡುತ್ತದೆ. ಕಂಪನಿ ಕೊಟ್ಟಿದ್ದರೆ ಹಾಕಿ. ಬೇರೆ ಬಗೆ ಇದ್ದ ಕಾರಿಗೆ ಇದನ್ನು ತಂದು ಹಾಕಬೇಡಿ. ಫೋಕ್ಸ್‌ವ್ಯಾಗನ್‌ನ ಅನೇಕ ಕಾರುಗಳಲ್ಲಿ ವಾಷರ್ ಬೋಲ್ಟಿಗೇ ಸಿಕ್ಕಿಕೊಂಡಿರುತ್ತದೆ, ಬೋಲ್ಟ್ ಸಮೇತ ಬದಲಿಸಬೇಕು. ದುಬಾರಿ ಎಂದು ಗೊಣಗುವವರಿದ್ದಾರೆ. ಪ್ರತಿ ಸಲವೂ ಹೊಸ ಥ್ರೆಡ್ಡಿನ ಬೋಲ್ಟ್ ಸಿಗುವುದು ಕೆಟ್ಟ ವ್ಯವಹಾರವೇನಲ್ಲ.

ಹಾಕಲೇಬಾರದವು

ನಲ್ಲಿಯ ವಾಷರ್. ಸಾಮಾನ್ಯ ರಬ್ಬರು ಆಯಿಲ್ ಕುಡಿದು ಉಬ್ಬುತ್ತದೆ, ಕೊನೆಗೆ ಹಲಸಿನ ಮೇಣದಂತೆ ಅಂಟಂಟಾಗುತ್ತದೆ. ತೋಟದ ಔಷಧಿ ಪಂಪಿನ ಚರ್ಮದ ವಾಷರನ್ನು ಕತ್ತರಿಸಿ ಹಾಕಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಹಾಕಿದವರ ಕೈಚಳಕಕ್ಕೆ ನಮಸ್ಕಾರ, ಆದರೆ ಬೇಡ. ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ವಾಷರ್ ಮೆತ್ತಗಾಗುವುದೇ ಇಲ್ಲ. ಇನ್ನು ಪ್ಲಂಬರ್ ಬಳಸುವ ಬಿಳಿ ಟೆಫ್ಲಾನ್ ಟೇಪು: ಥ್ರೆಡ್ಡಿಗೆ ಸುತ್ತಿದ ಟೇಪಿನ ಎಳೆ ಹರಿದು ಚೇಂಬರಿನೊಳಗೆ ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಒಂದು ಹನಿ ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನಿಗೆ ಆಯಿಲ್ ಸಿಗದಂತೆ ಮಾಡಿದ ಹಾಗಾಗುತ್ತದೆ. ಗ್ಯಾಸ್ಕೆಟ್ ಅಂಟನ್ನು ಧಾರಾಳವಾಗಿ ಬಳಿಯುವುದಕ್ಕೂ ಇದೇ ಮಾತು.

ಎಷ್ಟು ಬಿಗಿಯಬೇಕು

ಸ್ವಿಫ್ಟ್‌ನಂತಹ ಮಾರುತಿ ಕಾರುಗಳಿಗೆ 35 ನ್ಯೂಟನ್ ಮೀಟರ್, ಹೋಂಡಾಕ್ಕೆ 40ರ ಆಸುಪಾಸು, ಫೋಕ್ಸ್‌ವ್ಯಾಗನ್‌ಗೆ 30. ನಿಮ್ಮ ಕಾರಿನ ಪುಸ್ತಕದಲ್ಲಿ ಇದ್ದರೆ ಅದೇ ಸರಿ. ಬಿಗಿತ ಅಳೆಯುವ ಟಾರ್ಕ್ ಪಾನ ಇಲ್ಲದವರಿಗೆ ಈ ಸಂಖ್ಯೆ ಕೈಗೆ ಹೇಗೆ ತಿಳಿಯಬೇಕು? 20 ಸೆಂ.ಮೀ. ಉದ್ದದ ರಿಂಗ್ ಪಾನದ ತುದಿಯಲ್ಲಿ ಸುಮಾರು 18 ಕಿಲೋ ಭಾರ ಬಿದ್ದರೆ 35 ನ್ಯೂಟನ್ ಮೀಟರ್ ಆಗುತ್ತದೆ. ಬಾವಿಯಿಂದ ದೊಡ್ಡ ಕೊಡ ಸೇದಿ ಗೊತ್ತಿದ್ದವರ ತೋಳಿಗೆ ಆ ತೂಕ ನೆನಪಿರುತ್ತದೆ. ಪಾನಕ್ಕೆ ಪೈಪ್ ತೊಡಿಸಿ 40 ಸೆಂ.ಮೀ. ಮಾಡಿದರೆ 9 ಕಿಲೋ ಸಾಕು. ಆ ಪೈಪಿನ ಮೇಲೆ 60 ಕಿಲೋದ ಮನುಷ್ಯ ಕಾಲಿಟ್ಟು ನಿಂತರೆ 235 ನ್ಯೂಟನ್ ಮೀಟರ್. ನನ್ನ ಬೆರಳಿಗೆ ಉಂಗುರ ಬಂದದ್ದು ಇಂಥದ್ದೇ ಲೆಕ್ಕದಿಂದ.

ಬಿಗಿಯುವುದಕ್ಕೂ ಮೊದಲು ಒಂದು ಕೆಲಸ ಮರೆಯಬಾರದು. ಬೋಲ್ಟ್ ಬಿಚ್ಚಿ ಆಯಿಲ್ ಇಳಿಯುತ್ತಿರುವಾಗ ಹಳೆಯ ವಾಷರ್ ಬೋಲ್ಟಿನ ಮೇಲೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಚೇಂಬರಿನ ಮುಖಕ್ಕೇ ಅಂಟಿಕೊಂಡಿದೆ. ಕಪ್ಪು ಆಯಿಲಿನ ಅಡಿಯಲ್ಲಿ, ಅದೇ ಬಣ್ಣಕ್ಕೆ ತಿರುಗಿ, ಚೇಂಬರಿನದೇ ಭಾಗದಂತೆ ಕಾಣುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ವಾಷರ್ ಒಂದರ ಮೇಲೊಂದು ಜಾರಿ ಖಂಡಿತವಾಗಿ ಸೋರುತ್ತದೆ. ಒರೆಸಿ, ಉಗುರಿನಿಂದ ಸುತ್ತಲೂ ಗೀರಿ ನೋಡಬೇಕು. ಅಂಚು ಉಗುರಿಗೆ ತಡೆದರೆ ತೆಳುವಾದ ಮರದ ಚಕ್ಕೆಯಿಂದ ಎಬ್ಬಿಸಬೇಕು. ಸ್ಕ್ರೂಡ್ರೈವರ್ ಬೇಡ, ಅದು ಬಿಡುವ ಗೀರು ಯಾವ ವಾಷರಿಗೂ ತುಂಬಲಾರದಷ್ಟು ಆಳವಾಗಿರುತ್ತದೆ. ಕರಾವಳಿಯವರು ತುಕ್ಕು ಅಥವಾ ಬಿಳಿ ಹುಡಿಯನ್ನೂ ಆಗಲೇ ಒರೆಸಿ ತೆಗೆಯಲಿ.

ಸೋರಿಕೆ ಇದೆಯೇ ಎಂದು ನೋಡಲು ರಾತ್ರಿ ಕಾರಿನಡಿ ಹಳೆಯ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಕಂಡರೆ ಬೆರಳಿನಲ್ಲಿ ಉಜ್ಜಿ. ಕಾರವಾರದ ಸೆಕೆಯಲ್ಲಿ ಏಸಿ ಇಳಿಸುವ ನೀರೇ ಅರ್ಧ ಲೋಟವಿರುತ್ತದೆ. ಅದನ್ನು ಆಯಿಲ್ ಎಂದು ತಿಳಿದು ಬೋಲ್ಟಿಗೆ ಪಾನ ಹಾಕಿದ ಆತುರಗಾರರಿದ್ದಾರೆ.

ಕೊನೆಗೆ, ಎಲ್ಲರಿಗೂ ಒಮ್ಮೆ ಬರುವ ಭಾನುವಾರ. ಆಯಿಲ್ ಇಳಿಸಿ ಆಗಿದೆ, ಫಿಲ್ಟರ್ ಬಿಚ್ಚಿದೆ, ತಂದ ವಾಷರ್ 14ರ ಬದಲು 16, ಅಂಗಡಿಗಳೆಲ್ಲ ಮುಚ್ಚಿವೆ, ಮರುದಿನ ಬೆಳಿಗ್ಗೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬೇಕು. ಹಳೆಯದು ತಾಮ್ರವಾದರೆ ಒಲೆಗೆ ಹಿಡಿಯಿರಿ, ಚಿಂತೆಯಿಲ್ಲ. ಡೌಟಿಯಾದರೆ ತುಟಿ ನೋಡಿ ಹಾಕಿ. ಅಲ್ಯೂಮಿನಿಯಮ್ಮಾದರೆ ಕಿಟಕಿಯ ಗಾಜಿನ ಮೇಲೆ ನುಣುಪು ಎಮರಿ ಕಾಗದ ಹಾಸಿ, ಎರಡೂ ಮುಖದ ಅಚ್ಚು ಮಾಯವಾಗುವ ತನಕ ವಾಷರನ್ನು ವೃತ್ತಾಕಾರದಲ್ಲಿ ಉಜ್ಜಿ, ತೊಳೆದು ಹಾಕಿ, ಪುಸ್ತಕದಲ್ಲಿದ್ದಷ್ಟೇ ಬಿಗಿಯಿರಿ. ಟೊಳ್ಳು ವಾಷರ್ ಆಗಿದ್ದರೆ ಏನೂ ಮಾಡಲಾಗದು. ಕುಮಟಾದಿಂದ ಶಿರಸಿಗೆ ಬಸ್ ಇದೆ. ನಾನು ಅಂಥ ಭಾನುವಾರದ ಮೇಲೆ ಅಜ್ಜನ ಕಾಲದ ಸುಣ್ಣದ ಡಬ್ಬಿಯೊಂದನ್ನು ಕಾರಿನಲ್ಲಿಟ್ಟಿದ್ದೇನೆ. ಅದರಲ್ಲಿ 14ರ ಎರಡು ಅಲ್ಯೂಮಿನಿಯಂ, ಒಂದು ತಾಮ್ರ, 12ರ ಒಂದು ವಾಷರ್, ಜೊತೆಗೆ ಆ ಬೆಳ್ಳಿಯ ಸುರುಳಿ.